ವಿಜಯಪುರ ವಿಮಾನ ನಿಲ್ದಾಣ

ವಿಜಯಪುರ ವಿಮಾನ ನಿಲ್ದಾಣವು ಕರ್ನಾಟಕ ರಾಜ್ಯದ ವಿಜಯಪುರ ನಗರಕ್ಕೆ ವಾಯು ಸಂಪರ್ಕ ಕಲ್ಪಿಸಲು ಬುರಣಾಪುರ ಮತ್ತು ಮದಭಾವಿ ಗ್ರಾಮಗಳ ಬಳಿ ನಿರ್ಮಿಸಲಾಗುತ್ತಿರುವ ಪ್ರಾದೇಶಿಕ ವಿಮಾನ ನಿಲ್ದಾಣವಾಗಿದೆ. ಇದು ಹಳೆಯ ವಾಯುನೆಲೆಯ ವಿಸ್ತರಣೆಯಲ್ಲ. ಹೊಸ ಜಾಗದಲ್ಲಿ ಮೊದಲಿನಿಂದ ಕಟ್ಟಲಾಗುತ್ತಿರುವ, ಭಾರತದ ವಿಮಾನಯಾನ ನೀತಿಯಲ್ಲಿ 'ಗ್ರೀನ್‌ಫೀಲ್ಡ್' ಎಂದು ಕರೆಯಲಾಗುವ ವರ್ಗಕ್ಕೆ ಸೇರಿದ ಯೋಜನೆ. ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು ತಾತ್ತ್ವಿಕ ಒಪ್ಪಿಗೆ ನೀಡಿದ 21 ಗ್ರೀನ್‌ಫೀಲ್ಡ್ ವಿಮಾನ ನಿಲ್ದಾಣಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಿಲ್ದಾಣಗಳಿವೆ: ಕಲಬುರಗಿ, ಶಿವಮೊಗ್ಗ, ವಿಜಯಪುರ ಮತ್ತು ಹಾಸನ. ಇವುಗಳಲ್ಲಿ ಕಲಬುರಗಿ 2019ರಲ್ಲಿ ಹಾಗೂ ಶಿವಮೊಗ್ಗ 2023ರಲ್ಲಿ ಸೇವೆಗೆ ತೆರೆದವು. ವಿಜಯಪುರದಿಂದ 2025ರ ಅಂತ್ಯದವರೆಗೆ ವಾಣಿಜ್ಯ ವಿಮಾನ ಹಾರಾಟ ಆರಂಭವಾಗಿರಲಿಲ್ಲ.

ಹಿನ್ನೆಲೆ

ವಿಜಯಪುರವು 15ನೆಯ ಶತಮಾನದ ಕೊನೆಯಿಂದ 1686ರವರೆಗೆ ಆದಿಲಶಾಹಿ ಅರಸರ ರಾಜಧಾನಿಯಾಗಿದ್ದ ನಗರ. ಬಿಜಾಪುರ ಎಂದಿದ್ದ ಹೆಸರನ್ನು 2014ರ ನವೆಂಬರ್ 1ರಂದು ವಿಜಯಪುರ ಎಂದು ಅಧಿಕೃತವಾಗಿ ಬದಲಿಸಲಾಯಿತು. 2011ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ ಸುಮಾರು 3.27 ಲಕ್ಷ, ಜಿಲ್ಲೆಯದು ಸುಮಾರು 21.77 ಲಕ್ಷ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗದಗ–ಹೊಟಗಿ ಮಾರ್ಗ ಬಂದ ನಂತರ ನಗರದ ದೂರಪ್ರಯಾಣಕ್ಕೆ ರೈಲು ಮುಖ್ಯ ಆಧಾರವಾಯಿತು. ಮೀಟರ್ ಗೇಜ್ ಆಗಿದ್ದ ಈ ಮಾರ್ಗವನ್ನು ನಂತರ ಬ್ರಾಡ್ ಗೇಜ್‌ಗೆ ಪರಿವರ್ತಿಸಲಾಗಿದೆ. ಗೋಲಗುಮ್ಮಟದ ಸಮೀಪದಲ್ಲಿರುವ ರೈಲು ನಿಲ್ದಾಣ ಮತ್ತು ಅದನ್ನು ನಗರಕ್ಕೆ ಜೋಡಿಸುವ ಸ್ಟೇಷನ್ ರಸ್ತೆ ಹೊರಗಿನಿಂದ ಬರುವವರಿಗೆ ನಗರದ ಹೆಬ್ಬಾಗಿಲಿನಂತಿವೆ. ಆದರೆ ಬೆಂಗಳೂರಿಗೆ ಹೋಗುವ ರೈಲುಗಳು ಗದಗ, ಹುಬ್ಬಳ್ಳಿಗಳ ಮೂಲಕ ಬಳಸಿ ಸಾಗುವುದರಿಂದ ಪ್ರಯಾಣಕ್ಕೆ ಒಂದು ಇಡೀ ರಾತ್ರಿ ಬೇಕಾಗುತ್ತದೆ. ರಸ್ತೆಯ ಮೂಲಕವೂ ಬೆಂಗಳೂರು 500 ಕಿ.ಮೀ.ಗಿಂತ ಹೆಚ್ಚು ದೂರದಲ್ಲಿದೆ.

ವಿಮಾನ ಹಿಡಿಯಬೇಕಾದ ಪ್ರಯಾಣಿಕರು ನೆರೆಯ ಜಿಲ್ಲೆಗಳನ್ನೇ ಅವಲಂಬಿಸಬೇಕಾಗಿದೆ. ಕಲಬುರಗಿಯು ಸುಮಾರು 150ರಿಂದ 160 ಕಿ.ಮೀ. ದೂರದಲ್ಲಿದ್ದರೆ, ಹುಬ್ಬಳ್ಳಿ ಮತ್ತು ಬೆಳಗಾವಿ ಸುಮಾರು 200 ಕಿ.ಮೀ. ದೂರದಲ್ಲಿವೆ. ಮಹಾರಾಷ್ಟ್ರದ ಸೊಲ್ಲಾಪುರ ಸುಮಾರು 100 ಕಿ.ಮೀ. ದೂರದಲ್ಲಿದ್ದು, ಅಲ್ಲಿ ಹೊಸ ಟರ್ಮಿನಲ್ 2024ರಲ್ಲಿ ಉದ್ಘಾಟನೆಗೊಂಡು 2025ರಲ್ಲಿ ಪ್ರಾದೇಶಿಕ ಸೇವೆ ಆರಂಭವಾಯಿತು.

ಇತಿಹಾಸ

ಮೊದಲ ಪ್ರಯತ್ನ

2000ದ ದಶಕದ ಉತ್ತರಾರ್ಧದಲ್ಲಿ ಕರ್ನಾಟಕ ಸರ್ಕಾರವು ಜಿಲ್ಲಾ ಕೇಂದ್ರಗಳಲ್ಲಿ ಖಾಸಗಿ ಸಹಭಾಗಿತ್ವದಿಂದ ಸಣ್ಣ ವಿಮಾನ ನಿಲ್ದಾಣಗಳನ್ನು ನಿರ್ಮಿಸುವ ಕಾರ್ಯಕ್ರಮವನ್ನು ಕೈಗೊಂಡಿತು. ಜಮೀನನ್ನು ಸರ್ಕಾರ ಒದಗಿಸುವುದು, ಬಂಡವಾಳವನ್ನು ಖಾಸಗಿ ಸಂಸ್ಥೆ ಹೂಡಿ ನಿಗದಿತ ಅವಧಿಯವರೆಗೆ ನಿಲ್ದಾಣವನ್ನು ನಡೆಸುವುದು ಈ ಮಾದರಿಯ ತಿರುಳಾಗಿತ್ತು. ಕಲಬುರಗಿ, ಶಿವಮೊಗ್ಗ, ಹಾಸನಗಳ ಜೊತೆಗೆ ಅಂದಿನ ಬಿಜಾಪುರವೂ ಈ ಕಾರ್ಯಕ್ರಮದಲ್ಲಿ ಸೇರಿತ್ತು.

ಈ ಮಾದರಿ ಫಲ ನೀಡಲಿಲ್ಲ. ದಿನಕ್ಕೆ ಒಂದೆರಡು ವಿಮಾನಗಳಷ್ಟೇ ಬರಬಹುದಾದ ನಿಲ್ದಾಣದಲ್ಲಿ ಇಳಿದಾಣ ಶುಲ್ಕ, ಪ್ರಯಾಣಿಕ ಶುಲ್ಕ ಮತ್ತು ಮಳಿಗೆ ಬಾಡಿಗೆಗಳಿಂದ ಹೂಡಿದ ಬಂಡವಾಳವನ್ನು ಮರಳಿ ಪಡೆಯುವುದು ಕಠಿಣ. ಕಲಬುರಗಿ ಮತ್ತು ಶಿವಮೊಗ್ಗದಲ್ಲಿ ಆರಂಭವಾದ ಕಾಮಗಾರಿ ನಡುವೆಯೇ ನಿಂತಿತು. ವಿಜಯಪುರದಲ್ಲಿ ಯೋಜನೆ ಕಾಗದದಿಂದ ಮುಂದೆ ಹೆಚ್ಚು ಸಾಗಲಿಲ್ಲ. ಅಂತಿಮವಾಗಿ ಮೂರೂ ನಿಲ್ದಾಣಗಳ ನಿರ್ಮಾಣದ ಹೊಣೆಯನ್ನು ರಾಜ್ಯ ಸರ್ಕಾರವೇ ವಹಿಸಿಕೊಂಡಿತು.

ರಾಜ್ಯ ಸರ್ಕಾರದ ನಿರ್ಮಾಣ

2019ರಲ್ಲಿ ಕಲಬುರಗಿ ನಿಲ್ದಾಣ ಉದ್ಘಾಟನೆಯಾದ ಬಳಿಕ ವಿಜಯಪುರದ ಯೋಜನೆಗೆ ಮತ್ತೆ ಚಾಲನೆ ದೊರೆಯಿತು. 2021ರ ಫೆಬ್ರವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಅವರು ನಿಲ್ದಾಣಕ್ಕೆ ಶಂಕುಸ್ಥಾಪನೆ ನೆರವೇರಿಸಿದರು. ಕಾಮಗಾರಿಯನ್ನು ಲೋಕೋಪಯೋಗಿ ಇಲಾಖೆಗೆ ವಹಿಸಲಾಯಿತು. ಆಗ ಈ ಖಾತೆಯನ್ನು ಉಪಮುಖ್ಯಮಂತ್ರಿ ಗೋವಿಂದ ಕಾರಜೋಳ ಹೊಂದಿದ್ದರು. ಯೋಜನೆಗೆ ಸುಮಾರು 727 ಎಕರೆ ಜಮೀನು ಮೀಸಲಾಗಿದೆ.

ಮೊದಲ ವಿನ್ಯಾಸವು ಎಟಿಆರ್-72 ಮಾದರಿಯ ವಿಮಾನಗಳನ್ನು ಗಮನದಲ್ಲಿಟ್ಟುಕೊಂಡಿತ್ತು ಮತ್ತು ಅಂದಾಜು ವೆಚ್ಚ ಸುಮಾರು 220 ಕೋಟಿ ರೂಪಾಯಿಗಳಾಗಿತ್ತು. ನಂತರ ಏರ್‌ಬಸ್ ಎ320 ವರ್ಗದ ವಿಮಾನಗಳು ಇಳಿಯುವಂತೆ ಹಾಗೂ ರಾತ್ರಿಯಲ್ಲಿಯೂ ಹಾರಾಟ ನಡೆಯುವಂತೆ ವಿನ್ಯಾಸವನ್ನು ಹಿಗ್ಗಿಸಲಾಯಿತು. ಪರಿಷ್ಕೃತ ಅಂದಾಜು ಸುಮಾರು 348 ಕೋಟಿ ರೂಪಾಯಿಗಳಿಗೆ ಏರಿತು. 2023ರ ಮೇ ತಿಂಗಳಲ್ಲಿ ರಾಜ್ಯದ ಮೂಲಸೌಲಭ್ಯ ಅಭಿವೃದ್ಧಿ ಖಾತೆಯು ವಿಜಯಪುರ ಜಿಲ್ಲೆಯ ಬಬಲೇಶ್ವರ ವಿಧಾನಸಭಾ ಕ್ಷೇತ್ರವನ್ನು ಪ್ರತಿನಿಧಿಸುವ ಎಂ. ಬಿ. ಪಾಟೀಲ ಅವರಿಗೆ ಬಂದಿತು.

ವಿನ್ಯಾಸ

ಎರಡು ವಿಮಾನಗಳ ನಡುವಿನ ಅಂತರ

ಎಟಿಆರ್-72 ಪ್ರೊಪೆಲ್ಲರ್ ಇರುವ, ಸುಮಾರು 70ರಿಂದ 78 ಆಸನಗಳ ವಿಮಾನ. ಎ320 ಜೆಟ್ ವಿಮಾನವಾಗಿದ್ದು ಸುಮಾರು 180 ಆಸನಗಳನ್ನು ಹೊಂದಿರುತ್ತದೆ. ಎಟಿಆರ್ ಬೆಂಗಳೂರು, ಹೈದರಾಬಾದ್, ಮುಂಬಯಿಗಳಂತಹ ಸಮೀಪದ ನಗರಗಳಿಗೆ ಸಾಕಾಗುತ್ತದೆ. ದೆಹಲಿಯಂತಹ ದೂರದ ನಗರಕ್ಕೆ ನೇರ ಸೇವೆ ಬೇಕಾದರೆ ಸಾಮಾನ್ಯವಾಗಿ ಜೆಟ್ ವಿಮಾನ ಬೇಕಾಗುತ್ತದೆ. ಹೀಗಾಗಿ ವಿನ್ಯಾಸವನ್ನು ಹಿಗ್ಗಿಸುವ ನಿರ್ಧಾರವು ಕೇವಲ ರನ್‌ವೇಯ ಉದ್ದಕ್ಕೆ ಸಂಬಂಧಿಸಿದ್ದಲ್ಲ, ನಗರವು ಎಲ್ಲಿಯವರೆಗೆ ನೇರವಾಗಿ ತಲುಪಬಲ್ಲದು ಎಂಬುದಕ್ಕೂ ಸಂಬಂಧಿಸಿದೆ.

ಎತ್ತರ ಮತ್ತು ಬಿಸಿಲು

ವಿಜಯಪುರವು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಇಲ್ಲಿ ಹಗಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಎತ್ತರ ಮತ್ತು ಬಿಸಿ ಎರಡೂ ಗಾಳಿಯನ್ನು ತೆಳುಗೊಳಿಸುತ್ತವೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಸಿಗುವ ಎತ್ತುಬಲವೂ ಎಂಜಿನ್‌ನ ಶಕ್ತಿಯೂ ಕಡಿಮೆಯಾಗುವುದರಿಂದ ವಿಮಾನವು ನೆಲ ಬಿಡುವ ಮೊದಲು ಹೆಚ್ಚು ದೂರ ಓಡಬೇಕಾಗುತ್ತದೆ.

ಇದನ್ನು ಲೆಕ್ಕ ಹಾಕಲು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸ್ಥೂಲ ಸೂತ್ರವೊಂದಿದೆ. ಪ್ರತಿ 300 ಮೀಟರ್ ಎತ್ತರಕ್ಕೆ ರನ್‌ವೇ ಉದ್ದವನ್ನು ಶೇ. 7ರಷ್ಟು, ಆ ಎತ್ತರಕ್ಕೆ ಸಲ್ಲುವ ಪ್ರಮಾಣಿತ ತಾಪಮಾನಕ್ಕಿಂತ ಹೆಚ್ಚಿನ ಪ್ರತಿ ಡಿಗ್ರಿಗೆ ಶೇ. 1ರಷ್ಟು ಹೆಚ್ಚಿಸಬೇಕು. 600 ಮೀಟರ್ ಎತ್ತರದಲ್ಲಿ ಪ್ರಮಾಣಿತ ತಾಪಮಾನ ಸುಮಾರು 11 ಡಿಗ್ರಿ. ಅತ್ಯಂತ ಬಿಸಿಯ ತಿಂಗಳ ಸರಾಸರಿ ಗರಿಷ್ಠ ತಾಪಮಾನವನ್ನು 39 ಡಿಗ್ರಿ ಎಂದು ಹಿಡಿದರೆ ವ್ಯತ್ಯಾಸ 28 ಡಿಗ್ರಿ. ಸಮುದ್ರ ಮಟ್ಟದಲ್ಲಿ, ಪ್ರಮಾಣಿತ ಹವೆಯಲ್ಲಿ 2,000 ಮೀಟರ್ ರನ್‌ವೇ ಬೇಕಾಗುವ ವಿಮಾನವೊಂದಕ್ಕೆ ಎತ್ತರದ ಕಾರಣದಿಂದ 2,280 ಮೀಟರ್, ಬಿಸಿಯನ್ನೂ ಸೇರಿಸಿದರೆ ಸುಮಾರು 2,920 ಮೀಟರ್ ಬೇಕಾಗುತ್ತದೆ. ಇದು ಪರಿಣಾಮದ ಪ್ರಮಾಣವನ್ನು ತೋರಿಸುವ ಉದಾಹರಣೆ ಮಾತ್ರ, ತಿದ್ದುಪಡಿ ಶೇ. 35ನ್ನು ಮೀರಿದಾಗ ಆಯಾ ವಿಮಾನಕ್ಕೆ ಪ್ರತ್ಯೇಕ ಅಧ್ಯಯನ ನಡೆಸಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ರನ್‌ವೇ ಸಾಕಷ್ಟು ಉದ್ದವಿಲ್ಲದಿದ್ದರೆ ವಿಮಾನ ಹಾರಲಾರದೆಂದಲ್ಲ. ಪ್ರಯಾಣಿಕರನ್ನೋ ಸರಕನ್ನೋ ಇಂಧನವನ್ನೋ ಕಡಿಮೆ ಮಾಡಿ ಹಾರಬೇಕಾಗುತ್ತದೆ. ಇದರಿಂದ ಸೇವೆಯ ಲಾಭ ಕುಗ್ಗುತ್ತದೆ. ಉತ್ತರ ಕರ್ನಾಟಕದ ನಿಲ್ದಾಣಗಳಲ್ಲಿ ಬೇಸಿಗೆಯ ಹಾರಾಟಗಳನ್ನು ಮುಂಜಾನೆ ಇಲ್ಲವೇ ಸಂಜೆಗೆ ಇಟ್ಟುಕೊಳ್ಳುವುದು ಈ ದೃಷ್ಟಿಯಿಂದ ಅನುಕೂಲಕರ.

ಮಣ್ಣು

ವಿಜಯಪುರ ಜಿಲ್ಲೆಯ ಬಹುಭಾಗದಲ್ಲಿ ಬಸಾಲ್ಟ್ ಶಿಲೆ ಸವೆದು ಉಂಟಾದ ಎರೆ ಮಣ್ಣಿದೆ. ನೀರು ಹೀರಿದಾಗ ಉಬ್ಬುವ, ಒಣಗಿದಾಗ ಬಿರಿಯುವ ಗುಣದ ಈ ಮಣ್ಣು ಜೋಳ, ಕಡಲೆಗಳಿಗೆ ಉತ್ತಮವಾದರೂ ಭಾರ ಹೊರುವ ನಿರ್ಮಾಣಕ್ಕೆ ಒಗ್ಗುವುದಿಲ್ಲ. ಇಂಥ ನೆಲದಲ್ಲಿ ರನ್‌ವೇ ನಿರ್ಮಿಸುವಾಗ ಎರೆ ಮಣ್ಣಿನ ಪದರವನ್ನು ತೆಗೆದು ಮೊರಂ ಅಥವಾ ಜಲ್ಲಿ ತುಂಬುವುದು, ಇಲ್ಲವೇ ಸುಣ್ಣ ಬೆರೆಸಿ ಗಟ್ಟಿಗೊಳಿಸುವುದು ಮತ್ತು ಮಳೆನೀರು ತಳಕ್ಕೆ ಇಳಿಯದಂತೆ ಚರಂಡಿ ವ್ಯವಸ್ಥೆ ಮಾಡುವುದು ರೂಢಿಯಲ್ಲಿರುವ ಕ್ರಮಗಳಾಗಿವೆ.

ಪರಿಸರ ಅನುಮತಿ

2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ ವಾಣಿಜ್ಯ ಬಳಕೆಯ ವಿಮಾನ ನಿಲ್ದಾಣಗಳು ನಿರ್ಮಾಣ ಆರಂಭಿಸುವ ಮೊದಲೇ ಪರಿಸರ ಅನುಮತಿ ಪಡೆಯಬೇಕು. ಮುಂಚಿತವಾಗಿ ಅನುಮತಿ ಪಡೆಯದೆ ಕೆಲಸ ಆರಂಭಿಸಿದ ಯೋಜನೆಗಳಿಗೆ ನಂತರ ಅನುಮತಿ ನೀಡಲು ಕೇಂದ್ರ ಸರ್ಕಾರವು 2017ರಲ್ಲಿ ಅಧಿಸೂಚನೆಯನ್ನೂ 2021ರಲ್ಲಿ ಕಾರ್ಯವಿಧಾನವನ್ನೂ ಹೊರಡಿಸಿತ್ತು. ಇವುಗಳನ್ನು ಪ್ರಶ್ನಿಸಿ 'ವನಶಕ್ತಿ' ಎಂಬ ಸಂಸ್ಥೆ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು. 2025ರ ಮೇ 16ರಂದು ನ್ಯಾಯಾಲಯವು ಇವೆರಡನ್ನೂ ರದ್ದುಗೊಳಿಸಿ, ಘಟನೋತ್ತರ ಪರಿಸರ ಅನುಮತಿಗೆ ತಡೆ ಹಾಕಿತು.

ವಿಜಯಪುರದ ಯೋಜನೆಯೂ ಈ ಕಾನೂನು ಪ್ರಶ್ನೆಯಲ್ಲಿ ಸಿಲುಕಿತು. ನಿರ್ಮಾಣದ ಬಹುಭಾಗ ನಡೆದಿದ್ದರೂ ಅನುಮತಿ ಇತ್ಯರ್ಥವಾಗದೆ ಮುಂದಿನ ಹೆಜ್ಜೆ ಇಡುವುದು ಸಾಧ್ಯವಾಗಲಿಲ್ಲ. 2025ರ ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠವು 2–1 ಬಹುಮತದಿಂದ ಮೇ ತಿಂಗಳ ತೀರ್ಪನ್ನು ಹಿಂಪಡೆದು, ವಿಷಯವನ್ನು ಹೊಸದಾಗಿ ಪರಿಶೀಲಿಸಲು ಸೂಚಿಸಿತು. ಸಾರ್ವಜನಿಕ ಹಣದಿಂದ ನಿರ್ಮಾಣವಾಗಿರುವ ಆಸ್ತಿಗಳು ವ್ಯರ್ಥವಾಗಬಾರದು ಎಂಬುದು ಬಹುಮತದ ಅಭಿಪ್ರಾಯವಾದರೆ, ಮುಂಚಿತ ಅನುಮತಿಯ ನಿಯಮವನ್ನು ಸಡಿಲಿಸಿದರೆ ಪರಿಸರ ಕಾನೂನಿನ ಬುಡವೇ ದುರ್ಬಲಗೊಳ್ಳುತ್ತದೆ ಎಂಬುದು ಭಿನ್ನಮತದ ವಾದವಾಗಿತ್ತು.

ಕಾರ್ಯಾಚರಣೆಗೆ ಬೇಕಾದ ವ್ಯವಸ್ಥೆ

ರನ್‌ವೇ ಮತ್ತು ಟರ್ಮಿನಲ್ ಕಟ್ಟಡ ಮುಗಿದ ಮಾತ್ರಕ್ಕೆ ವಿಮಾನ ನಿಲ್ದಾಣವು ಸೇವೆಗೆ ತೆರೆಯುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ರನ್‌ವೇ, ಸುರಕ್ಷತಾ ಪಟ್ಟಿ, ಗುರುತುಗಳು, ದೀಪಗಳು ಮತ್ತು ಸುತ್ತಮುತ್ತಲಿನ ಅಡೆತಡೆಗಳನ್ನು ಪರಿಶೀಲಿಸಿ ಪರವಾನಗಿ ನೀಡಬೇಕು. ಪ್ರಯಾಣಿಕರ ತಪಾಸಣೆ, ಆವರಣ ಗೋಡೆ ಮತ್ತು ಕಾವಲು ವ್ಯವಸ್ಥೆಗೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಒಪ್ಪಿಗೆ ಬೇಕು. ವಾಯು ಸಂಚಾರ ನಿಯಂತ್ರಣ ಮತ್ತು ಸಂವಹನ ಸೇವೆಗಳನ್ನು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಒದಗಿಸುತ್ತದೆ.

ಅಗ್ನಿಶಾಮಕ ವ್ಯವಸ್ಥೆಯ ಮಟ್ಟವು ನಿಲ್ದಾಣಕ್ಕೆ ಬರುವ ವಿಮಾನದ ಗಾತ್ರವನ್ನು ಅವಲಂಬಿಸಿದೆ. ಸುಮಾರು 27 ಮೀಟರ್ ಉದ್ದದ ಎಟಿಆರ್-72ಕ್ಕೆ ಐದನೆಯ ವರ್ಗದ ವ್ಯವಸ್ಥೆ ಸಾಕು; ಸುಮಾರು 37.6 ಮೀಟರ್ ಉದ್ದದ ಎ320ಕ್ಕೆ ಆರನೆಯ ವರ್ಗದ್ದು ಬೇಕು. ಅಂತಾರಾಷ್ಟ್ರೀಯ ಮಾನದಂಡದಂತೆ ಐದನೆಯ ವರ್ಗದಲ್ಲಿ ಕನಿಷ್ಠ ಒಂದು, ಆರನೆಯ ವರ್ಗದಲ್ಲಿ ಕನಿಷ್ಠ ಎರಡು ಅಗ್ನಿಶಾಮಕ ವಾಹನಗಳಿರಬೇಕು ಮತ್ತು ಅವು ರನ್‌ವೇಯ ಯಾವುದೇ ಭಾಗವನ್ನು ಮೂರು ನಿಮಿಷಗಳೊಳಗೆ ತಲುಪುವಂತಿರಬೇಕು. ವಿಮಾನದ ಗಾತ್ರ ಹೆಚ್ಚಿದಂತೆ ಕಟ್ಟುವ ವೆಚ್ಚವಷ್ಟೇ ಅಲ್ಲ, ಪ್ರತಿದಿನದ ನಿರ್ವಹಣೆಯ ವೆಚ್ಚವೂ ಹೆಚ್ಚುತ್ತದೆ.

ರಾತ್ರಿ ಹಾರಾಟಕ್ಕೆ ರನ್‌ವೇಯ ಅಂಚಿನ ದೀಪಗಳು, ಸಮೀಪನ ದೀಪಗಳು ಹಾಗೂ ಇಳಿಯುವ ಕೋನವನ್ನು ಸೂಚಿಸುವ ದೀಪಗಳು ಬೇಕಾಗುತ್ತವೆ. ರನ್‌ವೇ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ ನಾಲ್ಕು ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪಾಗಿ ಕಂಡರೆ ವಿಮಾನವು ಸರಿಯಾದ ಎತ್ತರದಲ್ಲಿದೆ ಎಂದರ್ಥ. ನಾಲ್ಕೂ ಕೆಂಪಾದರೆ ತೀರ ಕೆಳಗಿದೆ, ನಾಲ್ಕೂ ಬಿಳಿಯಾದರೆ ತೀರ ಮೇಲಿದೆ ಎಂದು ಪೈಲಟ್ ತಿಳಿಯುತ್ತಾರೆ.

ನಿರ್ವಹಣೆಯ ಮಾದರಿಗಳು

ರಾಜ್ಯ ಸರ್ಕಾರ ಕಟ್ಟಿದ ನಿಲ್ದಾಣಗಳನ್ನು ನಡೆಸುವ ಎರಡು ಮಾದರಿಗಳು ಕರ್ನಾಟಕದಲ್ಲಿವೆ. ಶ್ರೀನಿವಾಸ ಸರಡಗಿಯಲ್ಲಿರುವ ಕಲಬುರಗಿ ನಿಲ್ದಾಣವನ್ನು ಲೋಕೋಪಯೋಗಿ ಇಲಾಖೆ ನಿರ್ಮಿಸಿದ ಬಳಿಕ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರಕ್ಕೆ ನಿರ್ವಹಣೆಗೆ ವಹಿಸಲಾಯಿತು. 2019ರ ನವೆಂಬರ್ 22ರಂದು ಬೆಂಗಳೂರಿನಿಂದ ಸ್ಟಾರ್ ಏರ್ ವಿಮಾನ ಬಂದಿಳಿಯುವುದರೊಂದಿಗೆ ಅಲ್ಲಿ ಸೇವೆ ಆರಂಭವಾಯಿತು. ಶಿವಮೊಗ್ಗದಲ್ಲಿ ಬೇರೆ ದಾರಿ ಹಿಡಿಯಲಾಯಿತು. 2023ರ ಫೆಬ್ರವರಿ 27ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ ಆ ನಿಲ್ದಾಣವನ್ನು ಕರ್ನಾಟಕ ರಾಜ್ಯ ಕೈಗಾರಿಕಾ ಮತ್ತು ಮೂಲಸೌಲಭ್ಯ ಅಭಿವೃದ್ಧಿ ನಿಗಮವು ತಾನೇ ನಡೆಸುತ್ತಿದೆ. ಅಲ್ಲಿ ವಾಣಿಜ್ಯ ಸೇವೆ ಅದೇ ವರ್ಷದ ಆಗಸ್ಟ್ 31ರಂದು ಆರಂಭವಾಯಿತು. ಉದ್ಘಾಟನೆ ಮತ್ತು ಮೊದಲ ಸೇವೆಯ ನಡುವೆ ಆರು ತಿಂಗಳ ಅಂತರವಿತ್ತು. ಪ್ರಾಧಿಕಾರದ ಕೈಗೆ ಒಪ್ಪಿಸಿದರೆ ನಷ್ಟದ ಹೊರೆ ರಾಜ್ಯದ ಮೇಲೆ ಕಡಿಮೆಯಾಗುತ್ತದೆ. ರಾಜ್ಯವೇ ನಡೆಸಿದರೆ ಜಮೀನು, ಶುಲ್ಕ ಮತ್ತು ಸಮಯದ ನಿರ್ಧಾರಗಳು ರಾಜ್ಯದಲ್ಲೇ ಉಳಿಯುತ್ತವೆ.

ವಿಮಾನ ಸೇವೆ ಮತ್ತು ಉಡಾನ್ ಯೋಜನೆ

ಸಣ್ಣ ನಗರಗಳಿಗೆ ವಿಮಾನ ಸೇವೆಯನ್ನು ಪ್ರೋತ್ಸಾಹಿಸಲು ಕೇಂದ್ರ ಸರ್ಕಾರವು 2016ರ ಅಕ್ಟೋಬರ್‌ನಲ್ಲಿ ಉಡಾನ್ ಯೋಜನೆಯನ್ನು ಪ್ರಕಟಿಸಿತು. ಇದರ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾ ಮತ್ತು ದೆಹಲಿ ನಡುವೆ ಹಾರಿತು. ಯೋಜನೆಯಡಿ ಆಯ್ಕೆಯಾದ ಮಾರ್ಗದಲ್ಲಿ ಸುಮಾರು ಅರ್ಧದಷ್ಟು ಆಸನಗಳನ್ನು ಮಿತಿಗೊಳಿಸಿದ ದರದಲ್ಲಿ ಮಾರಬೇಕು; ಆರಂಭದಲ್ಲಿ ಒಂದು ಗಂಟೆಯ ಹಾರಾಟಕ್ಕೆ ಈ ಮಿತಿ 2,500 ರೂಪಾಯಿಗಳಾಗಿತ್ತು. ಇದರಿಂದಾಗುವ ಕೊರತೆಯನ್ನು ಮೂರು ವರ್ಷಗಳವರೆಗೆ ಸರ್ಕಾರ ತುಂಬಿಕೊಡುತ್ತದೆ. ಬಹುತೇಕ ರಾಜ್ಯಗಳಲ್ಲಿ ಈ ಮೊತ್ತದ ಶೇ. 20ನ್ನು ರಾಜ್ಯ ಸರ್ಕಾರ ಭರಿಸುತ್ತದೆ.

ಈ ನೆರವಿನ ಬಲವೂ ಮಿತಿಯೂ ಉತ್ತರ ಕರ್ನಾಟಕದಲ್ಲಿ ಕಂಡುಬಂದಿವೆ. ಎರಡನೆಯ ಮಹಾಯುದ್ಧದ ಕಾಲದಿಂದ ಇರುವ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಆದರೆ ಹುಬ್ಬಳ್ಳಿ ಉಡಾನ್ ಯೋಜನೆಗೆ ಸೇರಿದ ಬಳಿಕ 2018ರಲ್ಲಿ ಬೆಳಗಾವಿಯ ಸೇವೆಗಳು ಅಲ್ಲಿಗೆ ಸ್ಥಳಾಂತರಗೊಂಡವು. ಬೆಳಗಾವಿಯೂ ಯೋಜನೆಯ ಮೂರನೆಯ ಸುತ್ತಿನಲ್ಲಿ ಸೇರಿದ ಬಳಿಕವಷ್ಟೇ ಅಲ್ಲಿನ ಹಾರಾಟಗಳು ಚೇತರಿಸಿಕೊಂಡವು. ಬೀದರ್‌ನಲ್ಲಿ ವಾಯುಪಡೆಯ ನೆಲೆಗೆ ಹೊಂದಿಕೊಂಡ ನಾಗರಿಕ ಟರ್ಮಿನಲ್ 2020ರ ಫೆಬ್ರವರಿಯಲ್ಲಿ ತೆರೆದರೂ ಸೇವೆ ಒಂದಕ್ಕಿಂತ ಹೆಚ್ಚು ಬಾರಿ ನಿಂತು, 2025ರಲ್ಲಿ ಮತ್ತೆ ಆರಂಭವಾಯಿತು. ನೆರವಿನ ಅವಧಿ ಮುಗಿದ ಬಳಿಕವೂ ಆಸನಗಳು ತುಂಬುವ ಮಾರ್ಗಗಳು ಮಾತ್ರ ಉಳಿದುಕೊಳ್ಳುತ್ತವೆ.

ಇದೇ ಸಮಸ್ಯೆಯನ್ನು ಜಪಾನ್ ಬೇರೊಂದು ರೀತಿಯಲ್ಲಿ ಎದುರಿಸಿದೆ. ಇಶಿಕಾವಾ ಪ್ರಾಂತ್ಯದ ನೋಟೋ ವಿಮಾನ ನಿಲ್ದಾಣವು 2003ರ ಜುಲೈ 7ರಂದು 2,000 ಮೀಟರ್ ರನ್‌ವೇಯೊಂದಿಗೆ ಆರಂಭವಾಯಿತು. ಟೋಕಿಯೋ ಸೇವೆಯನ್ನು ಉಳಿಸಿಕೊಳ್ಳಲು ಸ್ಥಳೀಯ ಆಡಳಿತವು ವಿಮಾನಯಾನ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷಕ್ಕೆ ಆಸನಗಳ ಭರ್ತಿ ಶೇ. 70ಕ್ಕಿಂತ ಕಡಿಮೆಯಾದರೆ ಆಡಳಿತವು ಸಂಸ್ಥೆಗೆ ಪರಿಹಾರ ಕೊಡಬೇಕು, ಗುರಿ ಮೀರಿದರೆ ಸಂಸ್ಥೆಯೇ ಸ್ಥಳೀಯರಿಗೆ ಹಣ ಕೊಡಬೇಕು ಎಂಬುದು ಅದರ ಷರತ್ತು. ಮೊದಲ ವರ್ಷವೇ ಭರ್ತಿ ಗುರಿಯನ್ನು ಮೀರಿತು. ಟರ್ಮಿನಲ್ ಕಟ್ಟಡದಲ್ಲಿಯೇ ಪ್ರಾಂತೀಯ ಸರ್ಕಾರದ ಕಚೇರಿಗಳನ್ನು ಇರಿಸಿ, ವಿಮಾನವಿಲ್ಲದ ಹೊತ್ತಿನಲ್ಲಿಯೂ ಕಟ್ಟಡ ಬಳಕೆಯಲ್ಲಿರುವಂತೆ ನೋಡಿಕೊಳ್ಳಲಾಯಿತು. 2024ರ ಜನವರಿ 1ರ ಭೂಕಂಪದಲ್ಲಿ ರನ್‌ವೇ ಬಿರುಕು ಬಿಟ್ಟರೂ ಅದೇ ತಿಂಗಳ ಕೊನೆಯಲ್ಲಿ ಪ್ರಯಾಣಿಕ ಸೇವೆ ಮರಳಿತು.

ಆರ್ಥಿಕ ಮಹತ್ವ

ವಿಜಯಪುರ ಜಿಲ್ಲೆಯು ಕರ್ನಾಟಕದ ಪ್ರಮುಖ ದ್ರಾಕ್ಷಿ ಬೆಳೆಯುವ ಪ್ರದೇಶ. ತಿಕೋಟಾ ಮತ್ತು ಬಬಲೇಶ್ವರ ಭಾಗದ ತೋಟಗಳಲ್ಲಿ ಬೆಳೆದ ದ್ರಾಕ್ಷಿಯ ಹೆಚ್ಚಿನ ಪಾಲು ಒಣದ್ರಾಕ್ಷಿಯಾಗುತ್ತದೆ. ಒಣದ್ರಾಕ್ಷಿ ಬಹುಕಾಲ ಕೆಡದೆ ಉಳಿಯುವುದರಿಂದ ಅದಕ್ಕೆ ರಸ್ತೆ ಮತ್ತು ರೈಲು ಸಾಕಾಗುತ್ತವೆ; ವಿಮಾನದ ಸರಕು ಸೇವೆಯ ಪ್ರಯೋಜನ ಬೇಗ ಕೆಡುವ ತಾಜಾ ಹಣ್ಣಿಗೆ ಹೆಚ್ಚು. ಭೌಗೋಳಿಕ ಸೂಚಿಕೆ ಮಾನ್ಯತೆ ಪಡೆದ ಇಂಡಿ ಲಿಂಬೆಯೂ ಈ ಜಿಲ್ಲೆಯ ಬೆಳೆ.

ಪ್ರವಾಸೋದ್ಯಮದಲ್ಲಿ ಗೋಲಗುಮ್ಮಟ, ಇಬ್ರಾಹಿಂ ರೋಜಾ ಮುಂತಾದ ಆದಿಲಶಾಹಿ ಸ್ಮಾರಕಗಳು, ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಸವನ ಬಾಗೇವಾಡಿ ಮತ್ತು ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿದ ಆಲಮಟ್ಟಿ ಅಣೆಕಟ್ಟು ಮುಖ್ಯವಾದವು. ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ದುಡಿಯುವ ಜಿಲ್ಲೆಯ ಜನ ಮತ್ತು ಚಿಕಿತ್ಸೆಗಾಗಿ ದೊಡ್ಡ ನಗರಗಳಿಗೆ ತೆರಳುವ ರೋಗಿಗಳು ಸಹ ಸೇವೆಯ ಸಂಭಾವ್ಯ ಬಳಕೆದಾರರಾಗಿದ್ದಾರೆ.

ಹೆಸರು

2023ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಕರ್ನಾಟಕ ವಿಧಾನಸಭೆಯು ರಾಜ್ಯದ ನಾಲ್ಕು ವಿಮಾನ ನಿಲ್ದಾಣಗಳಿಗೆ ಹೆಸರಿಡಲು ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡುವ ನಿರ್ಣಯವನ್ನು ಅಂಗೀಕರಿಸಿತು. ವಿಜಯಪುರಕ್ಕೆ ಜಗಜ್ಯೋತಿ ಬಸವೇಶ್ವರ, ಹುಬ್ಬಳ್ಳಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ, ಬೆಳಗಾವಿಗೆ ಕಿತ್ತೂರು ರಾಣಿ ಚೆನ್ನಮ್ಮ ಮತ್ತು ಶಿವಮೊಗ್ಗಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರುಗಳನ್ನು ಸೂಚಿಸಲಾಯಿತು. ವಿಮಾನ ನಿಲ್ದಾಣಗಳ ನಾಮಕರಣಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಅಗತ್ಯವಾಗಿದೆ.

ಇವನ್ನೂ ನೋಡಿ

ಕಲಬುರಗಿ ವಿಮಾನ ನಿಲ್ದಾಣ
ಶಿವಮೊಗ್ಗ ವಿಮಾನ ನಿಲ್ದಾಣ
ಬೆಳಗಾವಿ ವಿಮಾನ ನಿಲ್ದಾಣ
ಹುಬ್ಬಳ್ಳಿ ವಿಮಾನ ನಿಲ್ದಾಣ
ಬೀದರ್ ವಿಮಾನ ನಿಲ್ದಾಣ
ವಿಜಯಪುರ ಜಿಲ್ಲೆ